ಏಳನೆಯ ವಿಷಯ

ಊರು ಸಾನ್ ಮೆಲ್ಚೋರ್ ಯಾಗಿಚೆ, ಓಹಾಕಾದ ಬೆಟ್ಟ.
ಶಂಖ ಊದಿದ್ದು ಏಳಕ್ಕೆ, ಸಭೆ ಕೂಡಿದ್ದು ಒಂಬತ್ತಕ್ಕೆ.
ಹಾಜರಿ ಕೂಗಿದೆ: ಇನ್ನೂರ ಹದಿನಾಲ್ಕು ಹೆಸರು.
ಯುತಿಕಿಯಾ. ಇದ್ದೇನೆ.
ಫಿಲೆಮೋನ್. ಊರಲ್ಲಿಲ್ಲ, ದಂಡ ಕಟ್ಟಿದ್ದಾನೆ.
ಸೆನೋನ್. ಸತ್ತು ಹನ್ನೊಂದು ದಿನ.
ಆ ಹೆಸರಿನ ಮೇಲೆ ಗೀಟೆಳೆಯಲು ಕೈ ಬರಲಿಲ್ಲ,
ಪಕ್ಕದಲ್ಲೊಂದು ಚುಕ್ಕೆ ಇಟ್ಟೆ.

ನಾನು ಕಾರ್ಯದರ್ಶಿ. ಮೂರು ವರ್ಷದ ಪಾಳಿ, ಸಂಬಳವಿಲ್ಲ.
ಕೇಳುವುದು ನಮ್ಮ ಮಾತಲ್ಲಿ, ಬರೆಯುವುದು ಸ್ಪ್ಯಾನಿಷಿನಲ್ಲಿ,
ನಡುವೆ ಎಷ್ಟೋ ಸೋರಿಹೋಗುತ್ತದೆ
ತಳ ತೂತಾದ ಸೋರೆಬುರುಡೆಯ ಹಾಗೆ.
ನಮ್ಮ ಅಜ್ಜಿಯರು ಕಾಡಿಗೆ 'ಮೇಲಿನವರು' ಅನ್ನುತ್ತಾರೆ.
ನಾನು ಹೆಕ್ಟೇರು ಅನ್ನುತ್ತೇನೆ.

ಒಂದರಿಂದ ಆರು ಬೇಗ ಮುಗಿದವು:
ನೀರಿನ ಪೈಪು, ಶಾಲೆಯ ತಗಡು,
ತೊಗಟೆಹುಳ ಹತ್ತಿದ ನಲವತ್ತು ಪೈನು ಕಡಿದು ಸುಡುವುದು,
ಗರಗಸ ಮಿಲ್ಲಿನ ಲಾಭದಲ್ಲಿ ಆಂಬುಲೆನ್ಸಿಗೊಂದು ಟೈರು.
ಒಂದಲ್ಲ, ಎರಡು, ಎಂದಿತು ಹಿಂದಿನ ಬೆಂಚು.
ತಿದ್ದಿದೆ.

ಏಳನೆಯದು ಓದುವಾಗ ಗಂಟಲು ಕಟ್ಟಿತು.
ಹುಣ್ಣಿಮೆಯ ಹಿಂದಿನ ರಾತ್ರಿ, ಹದ್ದುಕಲ್ಲಿನ ಬಳಿ,
ಬುಡದಲ್ಲಿ ಊರ ಸುತ್ತಿಗೆಯ ಮುದ್ರೆ ಇಲ್ಲದ ಮೂರು ಮರ.
ಕಡಿದವನು ಫೌಸ್ಟಿನೊ. ನನ್ನ ತಮ್ಮ.

ಗೋಡೆಗೊರಗಿ ನಿಂತಿದ್ದ, ಟೋಪಿ ಕೈಯಲ್ಲಿ.
ಅಮ್ಮ ಸೀಮೆಎಣ್ಣೆ ಹಾಕಿ ತಿಕ್ಕಿದರೂ
ತೋಳಿನ ಮೇಲೆ ಮರದಂಟಿನ ಕಲೆ.
ಅದನ್ನು ನಡಾವಳಿಯಲ್ಲಿ ಬರೆದಿಲ್ಲ.

ಯುತಿಕಿಯಾ ಮೊಣಕಾಲು ಹಿಡಿದು ಎದ್ದಳು.
ಬೈಯುತ್ತಾಳೆ ಅಂದುಕೊಂಡೆ. ಕಾಗದದ ಕಂಪನಿಯ ಕಾಲ ತೆಗೆದಳು:
ಇಪ್ಪತ್ತೈದು ವರ್ಷ ಲಾರಿ ಇಳಿದವು.
ಸಹಿ ರಾಜಧಾನಿಯದು, ಕೊಡಲಿ ನಮ್ಮ ಗಂಡಂದಿರದು.
ಕೊನೆಗೆ ರಸ್ತೆಗಡ್ಡ ಒಲೆ ಹೂಡಿ ಕೂತೆವು, ಐದು ತಿಂಗಳು,
ನನ್ನ ಎರಡನೆಯವಳು ಅಲ್ಲೇ ಹೆಜ್ಜೆ ಇಡಲು ಕಲಿತಳು.
ಲಾರಿ ನಿಂತವು. ಆಮೇಲೆ?
ಆಮೇಲೆ ಕಾಯುವುದು. ಅದಕ್ಕೆ ಯಾರೂ ಹಾಡು ಕಟ್ಟಲಿಲ್ಲ.
ನಡುರಾತ್ರಿ ಉಚ್ಚೆಗೆದ್ದವರೂ ಅಂಗಳದಲ್ಲಿ ಒಂದು ಗಳಿಗೆ ನಿಂತು
ಗುಡ್ಡದ ಕಡೆ ಕಿವಿಗೊಡುವುದು.

ಅವಳ ಮಾತು ಇಳಿಸುತ್ತಿದ್ದ ಈ ಹಾಳೆ
ಯಾವ ಊರ ಯಾವ ಗುಡ್ಡದ ಮರವೊ.
ಪೆನ್ನು ಅದರ ಮೇಲೆ ಸರಾಗ ಓಡುತ್ತದೆ.

ಪೊಲೀಸರಿಗೆ ಕೊಡಿ, ಅಂದರು ಯಾರೋ. ನಗೆಯೆದ್ದಿತು.
ಊರಹಕ್ಕು ಕಿತ್ತುಹಾಕಿ. ಯಾರೂ ನಗಲಿಲ್ಲ.
ಫೌಸ್ಟಿನೊ ಬಾಯಿಬಿಟ್ಟ: ಮೋಟರ್‌ಸೈಕಲ್ಲಿನ ಕಂತು ಬಾಕಿ ಇತ್ತು.
ಅಷ್ಟೇ. ಅಮ್ಮನಿಗೆ ಕಾಯಿಲೆ ಅನ್ನಬಹುದಿತ್ತು,
ಅಮ್ಮ ಎದುರಿಗೇ ಕೂತಿದ್ದಳು.

ನಾಲ್ಕು ಗಂಟೆ ಮಾತು. ಹಂಡೆಯಲ್ಲಿ ಬೀನ್ಸು ಕೆನೆಗಟ್ಟಿತು.
ಕೊನೆಗೆ ಗೊತ್ತಾದದ್ದು: ಮರಕ್ಕೆ ನೂರು ಸಸಿ, ಗರಗಸ ಊರಿನ ವಶ,
ಮತ್ತು ಸೆನೋನ್ ಬಿಟ್ಟುಹೋದ ಕಾಡು ಕಾಯುವ ಪಾಳಿ
ಇವನದು, ಒಂದು ವರ್ಷ.
ಬಿಟ್ಟಿ ಎಂದು ಬರೆದಿದ್ದೆ.
ಹೊಡೆದುಹಾಕು ಹುಡುಗಿ, ಅಂದಳು ಯುತಿಕಿಯಾ,
ಮುಯ್ಯಿ ಅಂತ ಬರಿ.

ಪರ ನೂರ ಎಂಬತ್ತಾರು, ವಿರುದ್ಧ ಒಂಬತ್ತು.
ಎಣಿಸುವವನು ನನ್ನ ಕಡೆ ನೋಡಿ ಸುಮ್ಮನೆ ಕಾದ.
ನನ್ನ ಕೈ ಬರೆಯುತ್ತಿತ್ತಲ್ಲ.
ಪೆನ್ನು ಕೆಳಗಿಟ್ಟೆ.
ನೂರ ಎಂಬತ್ತೇಳು.

ಇವತ್ತು ಗುರುವಾರ. ಮಂಜು ಇಗರ್ಜಿಯ ಗಂಟೆಯವರೆಗೂ ಇಳಿದಿತ್ತು.
ಸೆನೋನನ ಮಳೆಕೋಟು ತೊಟ್ಟು ಹತ್ತಿಹೋದ ತಮ್ಮ,
ತೋಳು ಉದ್ದ, ಬೆರಳ ತುದಿಯಷ್ಟೇ ಹೊರಗೆ.
ಅಮ್ಮ ಟೊರ್ಟಿಯಾ ಗಂಟು ಕೊಟ್ಟಳು, ಮಾತು ಕೊಡಲಿಲ್ಲ.
ನಡೆದೇ ಹೋದ; ಮೋಟರ್‌ಸೈಕಲ್ಲನ್ನು ಅಂಗಡಿಯವ ಒಯ್ದಿದ್ದ.
ಮೂರನೆಯ ತಿರುವಿನಲ್ಲಿ ಒಮ್ಮೆ ನಿಂತದ್ದು ಕಂಡಿತು
ಉಸಿರಿಗೋ,
ಯಾವುದಾದರೂ ಸದ್ದಿಗೋ.