ಒಸಡಿನ ಬಣ್ಣದ ಕೈ

ಕೌಲ್ ಬಜಾರಿನ ಹಿಂದಿನ ಓಣಿ, ಎರಡನೇ ಮಹಡಿ,
ಹಗಲೆಲ್ಲ ನಾನು ಹಲ್ಲು ಕಟ್ಟುವ ಮೇಜು.
ಗೋಡೆಯುದ್ದಕ್ಕೂ ನಲವತ್ತು ಬಾಯಿಗಳ ಪ್ಲಾಸ್ಟರ್ ಅಚ್ಚು,
ಒಂದೂ ಮಾತಾಡುವುದಿಲ್ಲ.
ಒಂಬತ್ತರ ಮೇಲೆ ಎರ್ರಿಸ್ವಾಮಿ ಬರುತ್ತಾನೆ.
ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ,
ಪೊಟ್ಟಣದೊಳಗೆ ಹತ್ತಿ, ಹತ್ತಿಯೊಳಗೆ
ಒಂದು ಎಡಗೈ.

ಅಕ್ಕಿಕಾಳಿಗಿಂತ ಚೂರು ಉದ್ದ.
ಮುಷ್ಟಿಯಲ್ಲಿ ಗುರಾಣಿ, ಗುರಾಣಿಯ ಮೇಲೆ
ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಸಿಂಹ.
"ಹನ್ನೆರಡು ಮಂದಿ ಅದಾರೆ, ಎಡಗೈ ಇರೋದು ಏಳು ಜನಕ್ಕೆ.
ಹಳೇ ಡಬ್ಬಿ, ಅರ್ಧ ರೇಟಿಗೆ ಬಂತು.
ಮಿಕ್ಕ ಐದು ಮಂದಿ ಹೆಂಗಲೇ ಯುದ್ಧಕ್ಕೆ ಹೋಗೋದು?"
ಜೀನ್ಸ್ ಕಟಿಂಗ್ ಮಾಸ್ಟರ್ ಇವನು,
ದಿನಕ್ಕೆ ನೂರಾರು ಕಾಲು ಕತ್ತರಿಸುತ್ತಾನೆ;
ಐದು ಕೈಗೆ ಅಳುತ್ತಾನೆ.

ಅಚ್ಚು ಆತುರದ ಕೆಲಸವಲ್ಲ.
ಮಗಳ ಜೇಡಿಮಣ್ಣು ತಟ್ಟಿ, ಕೈಯನ್ನು ಅರ್ಧ ಹೂತು,
ರೀಫಿಲ್ಲಿನ ತುದಿಯಿಂದ ಸುತ್ತ ನಾಲ್ಕು ಕುಳಿ ಒತ್ತಬೇಕು,
ನಾಳೆ ಎರಡು ಹೋಳು ಒಂದನ್ನೊಂದು ಗುರುತು ಹಿಡಿಯಲು.
ಇಸ್ಪೀಟೆಲೆಯ ನಾಲ್ಕು ಗೋಡೆ:
ರಾಣಿ ಒಂದು ಕಡೆ, ಎದುರಿಗೆ ಜೋಕರ್.
ಸಿಲಿಕೋನು ಎತ್ತರದಿಂದ, ದಾರದಷ್ಟು ಸಣ್ಣಗೆ,
ಮೂಲೆಯಿಂದ ತಾನೇ ಹರಿದು ಬರಲಿ.
ಮೊದಲ ಹೋಳು ಗಟ್ಟಿಯಾದ ಮೇಲೆ
ಅದರ ಮೈಗೆ ವ್ಯಾಸಲೀನು. ಮರೆತರೆ
ಎರಡೂ ಬೆಸೆದು ಬಿಡಿಸಲಾಗದ ಸಂಬಂಧ.
ಒಮ್ಮೆ ಮರೆತಿದ್ದೆ. ಬ್ಲೇಡಿನಿಂದ ಕೊಯ್ದೆವು
ಇಬ್ಬರೂ ಉಸಿರು ಬಿಗಿಹಿಡಿದು, ಹೆರಿಗೆ ಕೋಣೆಯವರ ಹಾಗೆ.

ಪುಡಿಗೆ ದ್ರವ. ಬಾಟಲಿ ಮೇಲೆ ಬರೆದದ್ದು ಐದು ನಿಮಿಷ;
ಬರೆದವನು ಏಪ್ರಿಲ್ಲಿನಲ್ಲಿ ಬಳ್ಳಾರಿಗೆ ಬಂದವನಲ್ಲ.
ಇಲ್ಲಿ ಎರಡಕ್ಕೇ ನೂಲು ಬಿಡುತ್ತದೆ.
ಬಟ್ಟಲನ್ನು ತಣ್ಣೀರಲ್ಲಿಟ್ಟು ಕಲಸಿ,
ಹಲ್ಲುಕಡ್ಡಿಯಿಂದ ಬೆರಳ ಸಂದಿಗೆ ತಳ್ಳಿ,
ಅನ್ನಕ್ಕೆ ಬಾರದ ಹಳೇ ಕುಕ್ಕರಿನಲ್ಲಿ ಮುಚ್ಚಿ
ಸೈಕಲ್ ಪಂಪಿನಿಂದ ಗಾಳಿ ತುಂಬಿದೆವು,
ಗುಳ್ಳೆಗಳು ಒಳಗೇ ಕುಗ್ಗಲಿ ಎಂದು.

ಬಾಗಿಲಲ್ಲಿ ರಮಿಜಾ:
"ಹಲ್ಲು ಕೊಟ್ರೆ ರೊಕ್ಕ ಬರ್ತೈತೆ. ಕೈ ಕೊಟ್ರೆ?"
ಊರಲ್ಲಿ ಕೈ ಕೊಟ್ಟವರು ಬಹಳ ಮಂದಿ, ರಮಿಜಾ,
ಗಣಿ ಕಂಟ್ರಾಕ್ಟಿನ ನಿನ್ನ ತಮ್ಮನೂ ಸೇರಿ.
ನಿಜಕ್ಕೂ ಕೈ ಕೊಡುವವನು ನಾನೊಬ್ಬನೇ ಇರಬೇಕು.

ಬೆಳಿಗ್ಗೆ ಅಚ್ಚು ಬಿಡಿಸಿದರೆ
ಹೊರಬಿದ್ದದ್ದು ಗುಲಾಬಿ ಕೈ.
ಲ್ಯಾಬಿನಲ್ಲಿದ್ದದ್ದು ಅದೊಂದೇ ಪುಡಿ, ಒಸಡಿನದು.
ಸಿಂಹ ಬಂದಿದೆ. ಉಗುರೂ.
ಹೆಬ್ಬೆರಳ ಮೇಲೆ ಮಾತ್ರ ಗುಳ್ಳೆ ಒಡೆದ ಕುಳಿ,
ಗಸಗಸೆಯಷ್ಟು.
ನನ್ನನ್ನೂ ಜನ ಅಪ್ಪನ ಪಡಿಯಚ್ಚು ಅನ್ನುತ್ತಾರೆ.
ಅವರು ಸಿಟ್ಟಾದದ್ದು ಯಾರೂ ಕಂಡಿಲ್ಲ.
ನನ್ನಲ್ಲಿ ಎಲ್ಲಿ ಒಡೆಯಿತೋ ಆ ಗುಳ್ಳೆ.

ಆಟಿಕೆ ಅಂಗಡಿಯ ಖಾದರ್‌ಬಾಷಾ ತಿರುಗಿಸಿ ನೋಡಿದ:
"ನೂರು ಹೊಯ್ದು ಕೊಡು, ಮಾರೋಣ."
ಎಲ್ಲೋ ಒಬ್ಬ, ಕಣ್ಣು ಸೋಲುವ ತನಕ ಕೂತು
ಈ ಸಿಂಹದ ಒಂದೊಂದೇ ಕೂದಲು ಕೊರೆದಿದ್ದಾನೆ.
ಅವನ ಕೂಲಿ ನನ್ನ ಗಲ್ಲಾಕ್ಕೆ ಬೇಡ.
ನಮ್ಮ ಮೇಜಿನ ಐವರಿಗೆ ಐದು, ಅಲ್ಲಿಗೆ ಮುಗಿಯಿತು.
ಬೇಕಾದರೆ ನಿನ್ನ ಮುಂದಿನ ಹಲ್ಲು ಕಟ್ಟಿಕೊಡುತ್ತೇನೆ ಎಂದೆ.
ಬಾಯಿ ಮುಚ್ಚಿಕೊಂಡು ಹೋದ.

ಭಾನುವಾರ, ಮಾಳಿಗೆ. ಕಡಪಾ ಕಲ್ಲಿನ ಮೇಲೆ
ಸಂಡೂರಿನ ಲಾರಿಗಳು ಉದುರಿಸಿದ ಕೆಂಪು ಪುಡಿ,
ಜರಡಿ ಹಿಡಿದು ಹರಡಿದ ರಣರಂಗ.
ಎರ್ರಿಸ್ವಾಮಿ ಎಲ್ಲರಿಗೂ ಬಣ್ಣ ಬಳಿದಿದ್ದಾನೆ,
ಆ ಐದು ಕೈ ಬಿಟ್ಟು.
"ಇರ್ಲಿ ಬಿಡು. ಯಾವ್ದು ನಮ್ದು ಅಂತ ಗೊತ್ತಾಗ್ಲಿ."

ದಾಳ ಉರುಳಿತು. ಅವನಿಗೆ ಒಂದು. ಮತ್ತೆ ಒಂದು.
ಅಸಲಿ ಕೈಯ ಏಳೂ ಮಂದಿ ಮಲಗಿದರು,
ಗುಲಾಬಿಯವರಲ್ಲಿ ನಾಲ್ವರು.
ಕುಂಬಾರ ಗುಡ್ಡದ ಹಿಂದೆ ಬಿಸಿಲು ಇಳಿಯುತ್ತಿತ್ತು.
ಕೆಳಗಿನಿಂದ ರಮಿಜಾ ಕೂಗಿದಳು,
"ಹಲ್ಲಿನವರು ಬಂದಾರೆ!"
ಸ್ವಲ್ಪ ಕೂರಿಸು ಅಂದೆ.
ಹೆಬ್ಬೆರಳಲ್ಲಿ ಕುಳಿ ಇದ್ದವನು
ಇನ್ನೂ ನಿಂತಿದ್ದ.