ಅಮಾವಾಸ್ಯೆಯ ಲೆಕ್ಕ

ಎಲ್ಲ ಕಡೆ ಅದೇ ಮೇಜು,
ಮೇಜಿನ ಮೇಲೆ ಅದೇ ಆರಿದ ಚಹಾ, ಅದೇ ಪ್ರಶ್ನೆ:
"ಅನುಭವ ಎಷ್ಟು ವರ್ಷ?"

ಸಂಖ್ಯಾಶಾಸ್ತ್ರದ ಪದವಿ, ಎರಡನೆಯ ದರ್ಜೆ, ಮೇಲಿನ ಅರ್ಧ,
ಕಿಸುಮುವಿನ ಬಿಸಿಲಿಗೆ ಪ್ಲಾಸ್ಟಿಕ್ ಕವರಿನೊಳಗೆ ಬೆವರುತ್ತದೆ.
ನಕಲು ಪುಟಕ್ಕೆ ಐದು ಶಿಲ್ಲಿಂಗ್. ಪೊಲೀಸರ ನಡತೆಪತ್ರಕ್ಕೆ ಸಾವಿರ.
ಕಳ್ಳಿಯಲ್ಲ ಎಂದು ಸಾಬೀತುಪಡಿಸಲು ಸಾಲ ಮಾಡಿದೆ.

ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು;
ಕೆಲಸ ಮಾಡದೆ ಅನುಭವವಿಲ್ಲ,
ಅನುಭವವಿಲ್ಲದೆ...
ಬಿಡಿ, ಮುಂದಿನದು ನಿಮಗೆ ಗೊತ್ತು.
ತಿಂಗಳಿಗೆ ಹದಿನಾಲ್ಕು ಅರ್ಜಿ. ಉತ್ತರ ಬರುವ ಸಂಭವನೀಯತೆ
ನಾನೇ ಲೆಕ್ಕ ಹಾಕಿದ್ದೇನೆ, ಹೇಳುವುದಿಲ್ಲ.
ಕಾಯಂ ಕೆಲಸಕ್ಕೆ ಕಾಯುತ್ತ ಕಾಯುತ್ತ
ಕಾಯುವುದೇ ಕಾಯಂ ಆಯಿತು.

ಈ ನಡುವೆ ದಿನಾ ಬೆಳಗಿನ ನಾಲ್ಕಕ್ಕೆ
ಪೆರೆಸ್ ಅತ್ತೆಯ ಜೊತೆ ಸರೋವರದ ದಡ.
(ಇದನ್ನು ತುಂಬಲು ಅರ್ಜಿಯಲ್ಲಿ ಅಂಕಣವಿಲ್ಲ.)
ದೋಣಿಗಳು ದೀಪ ಆರಿಸಿಕೊಂಡು ಬರುತ್ತವೆ,
ಕಿರುಬೆರಳಿಗಿಂತ ಸಣ್ಣ ಒಮೆನಾ ಮೀನು
ಒಡೆದ ಟ್ಯೂಬ್‌ಲೈಟಿನ ಚೂರಿನಂತೆ ಬುಟ್ಟಿಗೆ ಸುರಿಯುತ್ತದೆ.
ಬಲೆಯ ಮೇಲೆ ಹರವಿ ಒಣಗಿಸುವುದು, ಬೆಳ್ಳಕ್ಕಿ ಓಡಿಸುವುದು,
ಗೊರೊಗೊರೊ ಡಬ್ಬಿಯಲ್ಲಿ ಅಳೆಯುವುದು,
ಅಳೆದದ್ದನ್ನು ಬರೆಯುವುದು.

ನಾಲ್ಕು ವರ್ಷ ಬರೆದಿದ್ದೇನೆ.
ಎಷ್ಟು ಡಬ್ಬಿ, ಏನು ಬೆಲೆ, ಯಾರ ಬಾಕಿ,
ಅಂಚಿನಲ್ಲಿ ಚಂದ್ರ: ಕಾಲು, ಅರ್ಧ, ಪೂರ್ತಿ.
ಹುಣ್ಣಿಮೆಗೆ ಮೀನು ದೋಣಿಯ ದೀಪವನ್ನು ನಂಬುವುದಿಲ್ಲ,
ಅಮಾವಾಸ್ಯೆಗೆ ಬುಟ್ಟಿ ತುಂಬುತ್ತದೆ, ಬೆಲೆ ಬೀಳುತ್ತದೆ.
ಕಾಲೇಜಿನಲ್ಲಿ ಇದಕ್ಕೊಂದು ಗ್ರೀಕ್ ಅಕ್ಷರವಿತ್ತು.
ಅತ್ತೆ ಇದನ್ನು ಕತ್ತಲೆಯ ಕೃಪೆ ಅನ್ನುತ್ತಾಳೆ.

ಮೀನುಗಾರಿಕೆ ಇಲಾಖೆಗೆ ಗಣತಿದಾರರು ಬೇಕಂತೆ.
ಹೋದೆ. ಅದೇ ಮೇಜು. ಅದೇ ಪ್ರಶ್ನೆ.
ಲೆಕ್ಕದ ಪುಸ್ತಕ ತೆಗೆದಿಟ್ಟೆ; ಕೋಣೆಗೆಲ್ಲ ಒಣಮೀನಿನ ವಾಸನೆ.
ಕನ್ನಡಕದವರು ಪುಟ ತಿರುಗಿಸಿದರು, ನಿಧಾನವಾದರು,
ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಿದರು ಚಂದ್ರನನ್ನು.
ಆಮೇಲೆ, ಏನೋ ನೆನಪಾದವರಂತೆ:
"ಇದಕ್ಕೆ ಮೊಹರು ಇಲ್ಲವಲ್ಲ?"

ಅತ್ತೆಗೆ ಹೇಳಿದೆ. ಬೈದಳು. ಯಾರನ್ನೆಂದು ತಿಳಿಯಲಿಲ್ಲ,
ಸರ್ಕಾರವನ್ನೋ ನನ್ನನ್ನೋ ತೀರಿಹೋದ ಗಂಡನನ್ನೋ.
ಮರುದಿನ ಮಧ್ಯಾಹ್ನ ಅಂಚೆ ಕಚೇರಿಯ ಹಿಂದೆ
ಮೊಹರು ಕೊರೆಯುವವನಲ್ಲಿಗೆ ಹೋಗಿ
ಎಂಟುನೂರು ಕೇಳಿದವನಿಗೆ ಆರುನೂರು ಕೊಟ್ಟು
ನೇರಳೆ ಶಾಯಿಯ ಡಬ್ಬಿಯನ್ನೂ ಬಿಟ್ಟಿಯಾಗಿ ತಂದಳು.
ಓದು ಬರಹ ಬಾರದವಳು ಹೇಳಿದಳು, ನಾನು ಬರೆದೆ:
"ಈ ಅಪೊಂಡಿ ನಾಲ್ಕು ವರ್ಷ ನನ್ನಲ್ಲಿ ದುಡಿದಿದ್ದಾಳೆ.
ಒಂದು ಶಿಲ್ಲಿಂಗ್ ಹೆಚ್ಚುಕಮ್ಮಿಯಿಲ್ಲ.
ಬಾಯಿ ಜೋರು. ನಿದ್ದೆ ಜಾಸ್ತಿ. ಆದರೂ ಎದ್ದು ಬರುತ್ತಾಳೆ."
ಬಾಯಿ, ನಿದ್ದೆ ಎರಡನ್ನೂ ನಾನು ಬಿಟ್ಟುಬಿಟ್ಟೆ.
ಅತ್ತೆ ಮೊಹರನ್ನು ಎರಡೂ ಕೈಯಲ್ಲಿ ಹಿಡಿದು
ತುಂಬಿದ ಪೆಟ್ಟಿಗೆಯ ಮುಚ್ಚಳ ಅದುಮುವಂತೆ ಅದುಮಿದಳು.
ಪೆರೆಸ್ ಮತ್ಸ್ಯೋದ್ಯಮ. ತಲೆಕೆಳಗಾಗಿತ್ತು.
ಹಾಗೆಯೇ ಕೊಟ್ಟೆ.

ಕೆಲಸ ಸಿಕ್ಕಿತು. ಕಾಯಂ ಅಲ್ಲ, ಮಾರ್ಚ್ ತನಕ.
ಮೊದಲ ಸಂಬಳ ಎರಡು ತಿಂಗಳಿಂದ ದಾರಿಯಲ್ಲಿದೆ.
ನೀಲಿ ಅಂಗಿ, ಇಲಾಖೆಯ ತಕ್ಕಡಿ,
ಅದೇ ದಡ, ಅದೇ ನಾಲ್ಕು ಗಂಟೆ.
ಅತ್ತೆಯ ಬುಟ್ಟಿಯನ್ನೂ ತೂಗುತ್ತೇನೆ;
ಅವಳು ನನ್ನ ಮುಖ ನೋಡುವುದಿಲ್ಲ, ಮುಳ್ಳನ್ನು ನೋಡುತ್ತಾಳೆ.

ಅವಳ ಲೆಕ್ಕ ಬರೆಯಲು ನಿನ್ನೆ ಒಬ್ಬ ಹುಡುಗ ಬಂದಿದ್ದ,
ಒಗೊಲಾ ಎಂದು ಹೆಸರು, ಕೈಯಲ್ಲಿ ಪ್ಲಾಸ್ಟಿಕ್ ಕವರು.
ಮೊಹರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅತ್ತೆ
"ನಿನಗೆ ಅನುಭವ..." ಎಂದು ಶುರುಮಾಡಿದವಳು
ನನ್ನ ಕಡೆ ನೋಡಿ ನಿಲ್ಲಿಸಿದಳು.
ಡಬ್ಬಿಯನ್ನು ಅವನ ಕೈಗಿಟ್ಟಳು.
ಮೊದಲ ಅಳತೆಯಲ್ಲೇ ಅವನು ಗೋಪುರ ಕಟ್ಟಿದ;
ಕೊಂಡವಳು ಬುಟ್ಟಿ ಮುಚ್ಚಿಕೊಂಡು
ತಿರುಗಿ ನೋಡದೆ, ಬೇಗ ಬೇಗ ನಡೆದಳು.