ಖಾಲಿ ನಳಿಕೆ

ಕೆನೆಮಾದ ಆಸ್ಪತ್ರೆಯಲ್ಲಿ ನನಗೆ ಸಂಬಳ
ನೀಲಿ ನೋಡುವುದಕ್ಕೆ.
ಒಂದಿಷ್ಟು ರಕ್ತರಸ, ಎರಡು ಬಾಟಲಿಯ ದ್ರಾವಣ,
ಹತ್ತು ನಿಮಿಷ ಸುಮ್ಮನೆ ಕೂರುವುದು.
ರಂಜಕ ಇದ್ದಷ್ಟು ನೀಲಿ,
ಇಲ್ಲವಾದರೆ ಬರೀ ನೀರು.

ಜೆಬ್ಬೆಯನ್ನು ತಂದದ್ದು ಬಾಡಿಗೆ ಮೋಟಾರ್‌ಸೈಕಲ್ಲಿನಲ್ಲಿ,
ಸವಾರನಿಗೂ ಅಮ್ಮನಿಗೂ ನಡುವೆ
ಒದ್ದೆ ಬಟ್ಟೆಯ ಗಂಟಿನ ಹಾಗೆ.
ಆರು ವರ್ಷ. ಮೈ ಕಾದ ಹೆಂಚು.
ಎಲ್ಲಿಗೂ ಓಡದೆಯೇ
ಓಡಿ ಬಂದವಳ ಏದುಸಿರು.
ಸ್ಲೈಡಿನ ತುಂಬ ಪುಟ್ಟ ಉಂಗುರಗಳು;
ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ.

'ಫಾಸ್ಫೇಟ್ ನೋಡಿಬಿಡು ವಾಂಡಿ,' ಎಂದರು ಡಾಕ್ಟರ್ ಬೈಂದು,
'ಸಕ್ಕರೆ ಡ್ರಿಪ್ ಜೋರು ಮಾಡುವ ಮೊದಲು.'
ಸಕ್ಕರೆ ಇಳಿದರೆ ಸಾಕು,
ರಕ್ತದಲ್ಲಿ ಅಳಿದುಳಿದ ರಂಜಕವೆಲ್ಲ
ಜೀವಕೋಶಗಳ ಒಳಮನೆಗೆ ನುಗ್ಗಿ ಅಗುಳಿ ಹಾಕಿಕೊಳ್ಳುತ್ತದೆ.
ಹೊರಗೆ ಹರಿಯುವ ರಕ್ತ ಬರಿಗೈ.

ನೋಡಿದೆ. ನೀಲಿ!
ಶಾಲೆಯ ಶಾಯಿ ಚೆಲ್ಲಿದಂಥ ನೀಲಿ.
ಓಡಿದೆ ವಾರ್ಡಿಗೆ. ಬೈಂದು ನಕ್ಕರು.
ಜೆಬ್ಬೆಯ ಅಮ್ಮ ನನ್ನ ಎರಡೂ ಕೈ ಹಿಡಿದು
ನನ್ನ ಮಕ್ಕಳು ಮರಿಗಳನ್ನೆಲ್ಲ ಹರಸಿದಳು.
ನನಗಿನ್ನೂ ಮದುವೆಯಾಗಿಲ್ಲ.

ಮರಳಿ ಬಂದು ಮೇಜು ಒರೆಸುವಾಗ ಕಂಡಿತು:
ರಕ್ತವೇ ಹಾಕದ, ಹೋಲಿಕೆಗೆಂದು ಇಟ್ಟ ನಳಿಕೆ,
ಅದೂ ನೀಲಿ.
ಮೂಸಿದೆ. ನಿಂಬೆಯ ವಾಸನೆ.
ಹೊಸ ಹುಡುಗ ಮೊಮೋ ಗಾಜನ್ನೆಲ್ಲ
ಬಟ್ಟೆ ಒಗೆಯುವ ಪುಡಿಯಲ್ಲಿ ಫಳಫಳ ತೊಳೆದಿದ್ದಾನೆ.
ಪುಡಿಯಲ್ಲಿ ಬೇಕಾದಷ್ಟು ರಂಜಕ.
ನಾನು ಅಳೆದದ್ದು ಮಗುವನ್ನಲ್ಲ,
ಸೋಪನ್ನು.

ಆ ಪಡಸಾಲೆ ಇಪ್ಪತ್ತೆರಡು ಹೆಜ್ಜೆ.
ಅವತ್ತು ಎಷ್ಟಿತ್ತೋ ಗೊತ್ತಿಲ್ಲ.
ಹೇಳಿದೆ. ಬೈಂದು ಬೈಯಲಿಲ್ಲ,
ಬೈದಿದ್ದರೆ ಚೆನ್ನಾಗಿತ್ತು.
ಅಮ್ಮ ನನ್ನನ್ನೇ ನೋಡಿದಳು,
ಕೊಟ್ಟ ಹರಕೆ ವಾಪಸು ಕೇಳುವುದು ಹೇಗೆಂದು ತಿಳಿಯದವಳಂತೆ.

ಬಟ್ಟಿ ಇಳಿಸಿದ ನೀರಲ್ಲಿ ಏಳು ಸಲ ಜಾಲಿಸಿದೆ.
ಅಷ್ಟರಲ್ಲಿ ಜನರೇಟರ್ ಕೆಮ್ಮಿ ನಿಂತಿತು.
ಲಾಟೀನಿಗೆ ಬೆಂಕಿಕಡ್ಡಿ ಗೀರಿದೆ:
ಪೊಟ್ಟಣದ ಪಕ್ಕೆಯಲ್ಲಿ ಸವರಿರುವುದೂ ಅದೇ,
ರಂಜಕ ಹುಡುಕಲು ರಂಜಕವನ್ನೇ ಸುಟ್ಟಂತಾಯಿತು.
ಬೆಳಕಿಗೆ ಹಿಡಿದರೆ
ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ,
ಅಂಥ ನೀಲಿ.

ನಿದ್ದೆ ಬರಲಿಲ್ಲ. ಉಳಿದ ನಳಿಕೆಗಳನ್ನೂ ನೋಡಿದೆ.
ಮೂರನೇ ಮಂಚ, ಟೈಫಾಯ್ಡ್. ತೆಳು.
ಬಾಗಿಲ ಬಳಿಯ ಮುದುಕ, ಎದೆಯಲ್ಲಿ ಕಫ. ತೆಳು.
ಇನ್ನೂ ಹೆಸರಿಡದ ಒಂದು ಜ್ವರ, ಅದೂ ತೆಳು.
ಸೊಳ್ಳೆಯೋ ನೀರೋ ಗಾಳಿಯೋ ನೀಲಿಗೆ ಗೊತ್ತಿಲ್ಲ.
ಜ್ವರ ಕಟ್ಟೆಯಲ್ಲಿ ಕೂತ ಸುಂಕದವನು;
ಅವನ ಮುಂದೆ ಸುಖದುಃಖ ಹೇಳಿಕೊಂಡೇನು ಬಂತು,
ಗಂಟು ಬಿಚ್ಚಲೇಬೇಕು.

ಸೂಜಿ ಮದ್ದು ಹೊತ್ತುಹೊತ್ತಿಗೆ,
ಸಕ್ಕರೆ ಹನಿಹನಿಯಾಗಿ,
ಮೂಗಿನ ಕೊಳವೆಯಲ್ಲಿ ಹಾಲಿನ ಪುಡಿ.
ಎರಡನೇ ರಾತ್ರಿಯ ಬಗ್ಗೆ ಬರೆಯಲಾರೆ.

ನಾಲ್ಕನೇ ಬೆಳಿಗ್ಗೆ ಜೆಬ್ಬೆ ಹೊಗೆಮೀನು ಕೇಳಿದಳಂತೆ,
ಮುಳ್ಳು ತೆಗೆಯಬೇಡಿ ಎಂದಳಂತೆ.
ಅವಳ ಅಮ್ಮ ಮೊದಲ ಬಾರಿ ನನ್ನ ಕೋಣೆಗೆ ಬಂದು
ಬಾಗಿಲಲ್ಲೇ ನಿಂತಳು: 'ತೋರಿಸು.'
ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ನಳಿಕೆಗಳನ್ನು ಕಿಟಕಿಗೆ ಹಿಡಿದೆ,
ಮೊದಲು
ಖಾಲಿಯದನ್ನು.

ಅದು ನೀರಾಗಿಯೇ ಇತ್ತು.